ನೀವು ಅವನನ್ನು ತೆಗೆದದ್ದು ನನಗಾಗಿ ಅಲ್ಲ

ಕಲಬುರಗಿಯಲ್ಲಿ ಶಾಲೆ, ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕು ನಡೆಸುವ ಆಡಳಿತ ಮಂಡಳಿಗಳ ಹಿರಿಯರಿಗೆ,

ನಮಸ್ಕಾರ. ನಾನು ಇದೇ ಊರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. 2024ರ ಜೂನ್‌ನಲ್ಲಿ, ಅಡ್ಮಿಷನ್ ಗದ್ದಲದ ನಡುವೆ, ನಿಮ್ಮಲ್ಲೊಬ್ಬರು ತಮ್ಮ ಕಾಲೇಜಿನ ಅಕೌಂಟೆಂಟನ್ನು ಎರಡೇ ದಿನದಲ್ಲಿ ಮನೆಗೆ ಕಳಿಸಿದರು. ಅವನು 2012ರಲ್ಲಿ ಫೇಸ್‌ಬುಕ್‌ಗೆ ಹಾಕಿದ್ದ ಒಂದು ಫೋಟೊ ಅದಕ್ಕೆ ಕಾರಣ. ಆ ಫೋಟೊದಲ್ಲಿ ಸ್ಟೀಲ್ ತಾಟು ಹಿಡಿದ ಹುಡುಗಿಯರ ಒಂದು ಸಾಲಿದೆ. ಅದರಲ್ಲಿ ಮೂರನೆಯವಳು, ಹಳದಿ ದುಪಟ್ಟಾದವಳು, ನಾನು.

ಕಾಲೇಜಿನ ಹೆಸರು ಬರೆಯುವುದಿಲ್ಲ. ಅವನ ಹೆಸರೂ ಬೇಡ. ಗೊತ್ತಿರುವವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಈಗ ಗೊತ್ತಾಗಿ ಆಗಬೇಕಾದ್ದು ಏನೂ ಇಲ್ಲ.

ಆಗ ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದೆ. ಚಿಂಚೋಳಿ ಕಡೆಯ ಹಳ್ಳಿಯವಳು. ಅಪ್ಪನಿಗೆ ಎರಡು ಎಕರೆ ತೊಗರಿ ಹೊಲ. ಸರ್ಕಾರಿ ಹಾಸ್ಟೆಲ್ ಇಲ್ಲದಿದ್ದರೆ ನನ್ನ ಓದು ಹತ್ತನೇ ಕ್ಲಾಸಿಗೇ ಮುಗಿಯುತ್ತಿತ್ತು. ಅವತ್ತು ಮೆಸ್ಸಿನ ಒಳಗೆ ಸುಣ್ಣ ಬಳಿಯುತ್ತಿದ್ದರು, ಅದಕ್ಕೆ ಊಟ ಹೊರಗೆ ಅಂಗಳದಲ್ಲಿ ಬಡಿಸಿದರು. ಕಾಂಪೌಂಡಿನ ಆಚೆಯಿಂದ ಅವನು ಫೋಟೊ ತೆಗೆದ. ನಮ್ಮ ಕಾಲೇಜಿನವನೇ, ಬಿಕಾಂ ಕೊನೆಯ ವರ್ಷ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ ಕಾಲ ಅದು. 'ಸರ್ಕಾರದ ಅಳಿಯಂದಿರನ್ನು ನೋಡಿದ್ದೀರಿ, ಇವರು ಸರ್ಕಾರದ ಸೊಸೆಯಂದಿರು' ಎಂದು ಬರೆದು ಹಾಕಿದ. ಕೆಳಗೆ ಬಂದ ಕಾಮೆಂಟುಗಳು ಇನ್ನೂ ಹೊಲಸು. ಜಾತಿಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಎತ್ತುವ ಅಗತ್ಯ ಏನಿತ್ತು? 'ಹಾಸ್ಟೆಲ್ ಹುಡುಗಿಯರು' ಅಂದರೆ ನಮ್ಮ ಕಡೆ ಎಲ್ಲರಿಗೂ ಅರ್ಥವಾಗುತ್ತದೆ.

63 ಲೈಕ್ ಬಿದ್ದಿದ್ದವು. ಎಣಿಸಿದ್ದೆ. ಅದರಲ್ಲಿ ಎರಡು ನಮ್ಮ ಲೆಕ್ಚರರ್‌ಗಳದು.

ಆಮೇಲೆ ಒಂದು ತಿಂಗಳು ನಾನು ಊಟದ ಸಾಲಿನಲ್ಲಿ ನಿಲ್ಲಲಿಲ್ಲ. ಎಲ್ಲರದೂ ಮುಗಿದ ಮೇಲೆ ಹೋಗುತ್ತಿದ್ದೆ. ಅಷ್ಟೊತ್ತಿಗೆ ಬ್ಯಾಳಿ ಖಾಲಿಯಾಗಿ ಮೇಲಿನ ತಿಳಿನೀರು ಉಳಿದಿರುತ್ತಿತ್ತು. ನಾಲ್ಕು ಮಂದಿ ಸೇರಿ ಒಬ್ಬ ಲೆಕ್ಚರರ್ ಹತ್ತಿರ ಹೋಗಿ ಹೇಳಿದೆವು. 'ನಗಚಾಟಕಿಗಿ ಮಾಡ್ಯಾನ, ಬಿಡ್ರವ್ವ' ಎಂದರು. ವಾರ್ಡನ್ ಮೇಡಂ 'ನೀವ್ಯಾಕ ಹೊರಗ ನಿಂತಿದ್ರಿ?' ಎಂದು ನಮ್ಮನ್ನೇ ಬೈದರು. ಅಲ್ಲಿಗೆ ಅದು ಮುಗಿಯಿತು. ಅಂದರೆ, ಅವರಿಗೆ ಮುಗಿಯಿತು.

ಹನ್ನೆರಡು ವರ್ಷ ಯಾರಿಗೂ ಬೇಡವಾಗಿದ್ದ ಫೋಟೊ ಈಗ ಹೇಗೆ ಎದ್ದು ಬಂತು? ಆ ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಹುದ್ದೆ ಖಾಲಿಯಾಗಿತ್ತು. ಸೀನಿಯಾರಿಟಿ ಪ್ರಕಾರ ಅವನಿಗೇ ಸಿಗಬೇಕು. ಅದೇ ವಾರ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಬಿತ್ತು. ಯಾರು ಹಾಕಿದರು ಅಂತ ನಾನು ಹೇಳಲಾರೆ, ಲೆಕ್ಕ ನೀವೇ ಹಾಕಿ. ಸಂಜೆಗೆ ಪಾಲಕರ ಗ್ರೂಪು, ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಘೋಷಣೆ, ಸಂಜೆಯೊಳಗೆ ಅವನ ಕೈಯಿಂದ ರಾಜೀನಾಮೆ.

ಈ ನಡುವೆ ನನಗೊಂದು ಫೋನ್ ಬಂತು. 'ಅಕ್ಕಾರ, ಆ ಫೋಟೊದಾಗ ನೀವೂ ಇದ್ದೀರಂತಲ್ಲ. ಒಂದು ಕಂಪ್ಲೇಂಟ್ ಬರದು ಕೊಡ್ರಿ, ಫೈಲಿಗೆ ಬೇಕಾಗ್ಯದ.' ಏನು ಬರೆಯಬೇಕು ಎಂದು ಕೇಳಿದೆ. 'ನಾವೇ ಟೈಪ್ ಮಾಡಿಸೀವ್ರಿ, ನೀವು ಸಹಿ ಹಾಕಿದ್ರ ಸಾಕು.'

ಹಾಕಲಿಲ್ಲ. ದೊಡ್ಡ ಮನಸ್ಸು ಅಂತ ತಿಳಿಯಬೇಡಿ, ಸಿಟ್ಟು ಬಂದಿತ್ತು. 20ನೇ ವಯಸ್ಸಿನಲ್ಲಿ ಯಾರಿಗೂ ಬೇಡವಾಗಿದ್ದ ನನ್ನ ಮಾತು 32ಕ್ಕೂ ಬೇಡವೇ ಆಗಿತ್ತು. ಸಹಿ ಮಾತ್ರ ಬೇಕಾಗಿತ್ತು.

ಈಗ ಎಲ್ಲರೂ ನನ್ನನ್ನು ಕೇಳುತ್ತಾರೆ, ಹಳೆಯ ಪೋಸ್ಟಿಗಾಗಿ ಒಬ್ಬನ ಕೆಲಸ ಹೋಗಬೇಕಾ ಬೇಡವಾ ಅಂತ. ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ಪಾರ್ಟಿಯೇ ಆಗಿವೆ. ಹುಡುಗ ಬುದ್ಧಿಯಲ್ಲಿ ಯಾರು ಏನು ಬರೆದಿಲ್ಲ, ಇಷ್ಟಕ್ಕೆಲ್ಲ ಹೊಟ್ಟೆ ಮೇಲೆ ಹೊಡೆಯೋದಾ ಅನ್ನುತ್ತದೆ ಒಂದು ಪಾರ್ಟಿ. ಅವತ್ತು ತಪ್ಪಿಸಿಕೊಂಡ, ಇವತ್ತು ಸಿಕ್ಕ, ಬಿಡಬಾರದು ಅನ್ನುತ್ತದೆ ಇನ್ನೊಂದು. ನನಗೆ ಎರಡರಲ್ಲೂ ಜಾಗ ಸಿಗಲಿಲ್ಲ. ಮೊದಲನೆಯವರು ನಾನು ಎದುರಿಗೆ ಕೂತಿದ್ದರೂ ಆ ಫೋಟೊವನ್ನು 'ಇಷ್ಟಕ್ಕೆಲ್ಲ' ಅನ್ನುತ್ತಾರೆ. ಎರಡನೆಯವರು ನನ್ನ ಪರವಾಗಿ ಇಷ್ಟು ಜೋರಾಗಿ ಮಾತಾಡುತ್ತಾರೆ ಅಂದರೆ, ನಾನು ಬಾಯಿ ತೆರೆಯಲು ಸಂದಿಯೇ ಇರುವುದಿಲ್ಲ.

ಆ ಜೂನ್ ಕಳೆದು ಬಂದ ಜನವರಿಯಲ್ಲಿ ಅಪ್ಪನ ಜೊತೆ ತೊಗರಿ ಮಾರಲು ನೆಹರೂ ಗಂಜ್‌ಗೆ ಹೋಗಿದ್ದೆ. ಅಡತಿ ಅಂಗಡಿಯಲ್ಲಿ ಪಟ್ಟಿ ಬರೆಯುತ್ತಾ ಕುಳಿತಿದ್ದವನು ಅವನೇ. ನೋಡಿದ ಕೂಡಲೇ ಗುರುತು ಹಿಡಿದ. ಎದ್ದು ನಿಂತು 'ಕೂಡ್ರಿ ಮೇಡಂ' ಎಂದು ತನ್ನ ಕುರ್ಚಿ ಕೊಟ್ಟ. ಚಹಾ ತರಿಸಿದ. ತೂಕ, ಹಮಾಲಿ ಎಲ್ಲ ಅಪ್ಪನಿಗೆ ಬಿಡಿಸಿ ಹೇಳಿದ. ಅಪ್ಪನಿಗೆ ಹಿಂದಿನದೇನೂ ಗೊತ್ತಿಲ್ಲ. 'ಭಾಳ ಛಲೋ ಹುಡುಗ' ಎಂದರು.

ಅಪ್ಪ ಚೀಲ ಎಣಿಸಲು ಹೋದಾಗ ಅವನು ಮೆಲ್ಲಗೆ ಹೇಳಿದ: 'ನನಗ ಆ ಫೋಟೊ ನೆನಪೇ ಇರಲಿಲ್ರಿ. ಖರೇ ಹೇಳ್ತೀನಿ. ಸ್ಕ್ರೀನ್‌ಶಾಟ್ ನೋಡಿದಾಗ ಇದು ನಾನೇ ಹಾಕಿದ್ದಾ ಅನಿಸ್ತು. ತಪ್ಪಾಗ್ಯದ.'

ಕ್ಷಮೆ ಕೇಳಿದ ಅಂತಲೇ ಇಟ್ಟುಕೊಳ್ಳಿ. ಆದರೆ ನನಗೆ ಚುಚ್ಚಿದ್ದು ಮೊದಲಿನ ಮಾತು. ಅವನಿಗೆ ನೆನಪೇ ಇಲ್ಲ. ನನಗೆ ಆ ತಿಂಗಳ ಬ್ಯಾಳಿಯ ರುಚಿ ಇನ್ನೂ ನಾಲಿಗೆ ಮೇಲಿದೆ. ನಾನು ಆಯ್ತು ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಪಟ್ಟಿ ತೆಗೆದುಕೊಂಡು ಬಂದೆವು. ಅವನಿಗೆ ಇಬ್ಬರು ಮಕ್ಕಳು, ಸಂಬಳ ಮೊದಲಿನ ಅರ್ಧ ಎಂದು ಆಮೇಲೆ ಯಾರೋ ಹೇಳಿದರು. ನೀವು ಅವನನ್ನು ಹೊರಗೆ ಹಾಕಿದ್ದರಿಂದ ನನಗೆ ಸಿಕ್ಕಿದ್ದು ಒಂದು ಕಪ್ ಚಹಾ. ಅದನ್ನೂ ಅವನೇ ಕುಡಿಸಿದ.

ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಿಮ್ಮಲ್ಲಿ ಯಾರೂ ಕೇಳಲಿಲ್ಲ. ಅವನು ಕೂರುತ್ತಿದ್ದದ್ದು ಫೀಸ್ ಕೌಂಟರಿನಲ್ಲಿ. ಸ್ಕಾಲರ್‌ಶಿಪ್ ಕೆಲಸವೂ ಅವನದೇ. ಸರ್ಕಾರಿ ಸ್ಕಾಲರ್‌ಶಿಪ್‌ಗೆ ಆನ್‌ಲೈನ್ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್ ಕಷ್ಟ ಅರ್ಜಿ ಹಾಕಿದವರಿಗೇ ಗೊತ್ತು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಆದರೆ ದುಡ್ಡು ಎಲ್ಲಿ ನಿಂತಿತು ಅಂತ ಹುಡುಕುವುದರಲ್ಲೇ ವರ್ಷ ಮುಗಿಯುತ್ತದೆ. ಕೌಂಟರಿನಲ್ಲಿ ಕೂತವನು ಮನಸ್ಸು ಮಾಡಿದರೆ ಹಳ್ಳಿಯ ಹುಡುಗಿಗೆ ಅರ್ಧ ಕಷ್ಟ ಕಡಿಮೆ. ಮನಸ್ಸು ಮಾಡದಿದ್ದರೆ ಎರಡರಷ್ಟು. 2012ರಲ್ಲಿ ಅವನು ನಕ್ಕಿದ್ದು ಇಂಥ ಮಕ್ಕಳನ್ನೇ. ಒಂಬತ್ತು ವರ್ಷ ಅವನ ಮೇಜಿನ ಮುಂದೆ ನಿಂತವರೂ ಇಂಥ ಮಕ್ಕಳೇ. ಅವರ ಜೊತೆ ಹೇಗೆ ನಡೆದುಕೊಂಡ? ಹಳೆಯ ಅರ್ಜಿಗಳ ಫೈಲು ತೆಗೆದು ಹತ್ತು ಮಕ್ಕಳಿಗೆ ಫೋನ್ ಮಾಡಿದ್ದರೆ ಅರ್ಧ ದಿನದಲ್ಲಿ ಗೊತ್ತಾಗುತ್ತಿತ್ತು.

ನನಗೆ ಸುಮ್ಮನಿರಲಾಗಲಿಲ್ಲ, ನಾನೇ ಕೇಳಿದೆ. ಆ ಕಾಲೇಜಿನಲ್ಲಿ ಓದಿದ ಇಬ್ಬರು ನನಗೆ ಪರಿಚಯ. ಒಬ್ಬಳು ಹೇಳಿದಳು, ತನ್ನ ಖಾತೆಗೆ ಆಧಾರ್ ಜೋಡಣೆಯಾಗದೆ ಒದ್ದಾಡುತ್ತಿದ್ದಾಗ ಸರ್ ತಾವೇ ಬ್ಯಾಂಕಿಗೆ ಬಂದು ಮಾಡಿಸಿಕೊಟ್ಟರು ಅಂತ. ಇನ್ನೊಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಸರ್ಕಾರದ ರೊಕ್ಕಕ್ಕ ಇಷ್ಟು ಗಡಿಬಿಡಿ ಯಾಕ ಅಂತ ಒಮ್ಮೆ ಎಲ್ಲರ ಮುಂದ ಅಂದಿದ್ರಕ್ಕ' ಎಂದಳು.

ಆ ಮಾತಿನಲ್ಲಿ 2012ರ ವಾಸನೆ ನನಗೆ ಬಡಿಯಿತು. ಅವನು ಬದಲಾಗಿದ್ದಾನಾ? ಇಬ್ಬರ ಮಾತು ಕೇಳಿ ತೀರ್ಪು ಕೊಡಲು ನನಗೆ ಆಗುವುದಿಲ್ಲ. ಆದರೆ ಈ ಎರಡನೇ ಹುಡುಗಿಯ ಮಾತಿಗಾಗಿ ನೀವು ಅವನನ್ನು ಕರೆದು ಕೂರಿಸಿ ಕೇಳಿದ್ದರೆ, ಅಂಥ ಇನ್ನೂ ನಾಲ್ಕು ಮಾತು ಹೊರಬಂದು ಅವನನ್ನು ತೆಗೆದಿದ್ದರೆ, ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅದು ಆ ಹುಡುಗಿಗಾಗಿ ಮಾಡಿದ ಕೆಲಸ ಆಗುತ್ತಿತ್ತು. ಜೂನ್‌ನಲ್ಲಿ ನೀವು ಉಳಿಸಿಕೊಂಡದ್ದು ಅಡ್ಮಿಷನ್ ಸೀಸನ್ನನ್ನು.

ಹಳೆಯ ಪೋಸ್ಟಿಗೆ ಬೆಲೆ ತೆತ್ತವರು ಜಗತ್ತಿನ ತುಂಬಾ ಇದ್ದಾರೆ. ಇಂಗ್ಲೆಂಡಿನ ಬೌಲರ್ ಆಲಿ ರಾಬಿನ್ಸನ್ ಕಥೆ ನಿಮ್ಮ ಮನೆಯ ಕ್ರಿಕೆಟ್ ಹುಚ್ಚಿನ ಹುಡುಗರಿಗೆ ಗೊತ್ತಿರುತ್ತದೆ. ನನಗೆ ಹೇಳಿದ್ದು ನನ್ನ ತಮ್ಮ. 2021ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಅವನ ಮೊದಲ ಟೆಸ್ಟ್. ತಂಡದವರೆಲ್ಲ ತಾರತಮ್ಯದ ವಿರುದ್ಧ ಬರೆದ ಟೀಶರ್ಟ್ ಹಾಕಿಕೊಂಡು ಮೈದಾನದಲ್ಲಿ ನಿಂತ ದಿನವೇ ಅವನ ಹಳೆಯ ಟ್ವೀಟುಗಳು ಹೊರಬಿದ್ದವು. 2012, 2013ರವು, ಅವನಿಗೆ 18-19 ವರ್ಷ ಇದ್ದಾಗ ಬರೆದವು. ಮುಸ್ಲಿಮರ ಬಗ್ಗೆ, ಹೆಂಗಸರ ಬಗ್ಗೆ ಅಸಹ್ಯವಾಗಿ ಬರೆದಿದ್ದ. ಅದೇ ಸಂಜೆ ಕ್ಷಮೆ ಕೇಳಿದ. ಪಂದ್ಯದಲ್ಲಿ 7 ವಿಕೆಟ್ ತೆಗೆದರೂ ಅಲ್ಲಿನ ಕ್ರಿಕೆಟ್ ಮಂಡಳಿ ಅವನನ್ನು ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ಅಮಾನತು ಮಾಡಿತು. ಇದು ಅತಿಯಾಯಿತು ಎಂದು ಅಲ್ಲಿನ ಮಂತ್ರಿಯೊಬ್ಬರೇ ಹೇಳಿದರು. ಗಲಾಟೆ ಅಲ್ಲೇನು ಕಡಿಮೆ ಇರಲಿಲ್ಲ. ಆದರೆ ಆಮೇಲೆ ವಿಚಾರಣೆ ನಡೆಯಿತು. 8 ಪಂದ್ಯದ ನಿಷೇಧ, ಅದರಲ್ಲಿ 5 ಎರಡು ವರ್ಷ ತೂಗುಗತ್ತಿಯ ಹಾಗೆ ತಲೆ ಮೇಲೆ, ಉಳಿದ 3 ಅಷ್ಟರಲ್ಲೇ ಮುಗಿದಿದ್ದವು. ಜೊತೆಗೆ 3,200 ಪೌಂಡ್ ದಂಡ. ಆಗಸ್ಟ್‌ನಲ್ಲಿ ವಾಪಸ್ ಬಂದು ಲೀಡ್ಸ್‌ನಲ್ಲಿ ನಮ್ಮ ತಂಡವನ್ನೇ ಉರುಳಿಸಿ ಪಂದ್ಯಶ್ರೇಷ್ಠ ಆದ. ನನ್ನ ತಮ್ಮನಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ, ಅದು ಬೇರೆ ವಿಷಯ.

ಆ ಶಿಕ್ಷೆ ಸರಿಯಾ, ಜಾಸ್ತಿಯಾ, ಕಡಿಮೆಯಾ, ಬೇಕಾದರೆ ಜಗಳ ಆಡಬಹುದು. ಅದಕ್ಕೊಂದು ಅಳತೆ ಇತ್ತು, ಕೊನೆಯೂ ಇತ್ತು. ಅಮೆರಿಕದಲ್ಲಿ ಹೀಗಾಗಲಿಲ್ಲ. ಸಿನಿಮಾ ನಿರ್ದೇಶಕ ಜೇಮ್ಸ್ ಗನ್ ಅವರ ಹತ್ತು ವರ್ಷ ಹಿಂದಿನ ಕೆಟ್ಟ ಜೋಕುಗಳನ್ನು ಅವರ ರಾಜಕೀಯ ವಿರೋಧಿಗಳು ಹುಡುಕಿ ತೆಗೆದರು. 2018ರ ಜುಲೈನಲ್ಲಿ ಡಿಸ್ನಿ ಕಂಪನಿ ಅವರನ್ನು ಕಿತ್ತುಹಾಕಿತು, 2019ರ ಮಾರ್ಚ್‌ನಲ್ಲಿ ಮತ್ತೆ ಕರೆದುಕೊಂಡಿತು. ಜೋಕು ಜುಲೈನಲ್ಲಿ ಎಷ್ಟು ಕೆಟ್ಟದಾಗಿತ್ತೋ ಮಾರ್ಚ್‌ನಲ್ಲೂ ಅಷ್ಟೇ ಕೆಟ್ಟದು. ನಡುವೆ ಇಳಿದದ್ದು ಗಲಾಟೆ. ನಮ್ಮೂರಿನ ಅಕೌಂಟೆಂಟನ್ನು ವಾಪಸ್ ಕರೆಯಲು ಇಲ್ಲಿ ಯಾವ ಡಿಸ್ನಿಯೂ ಕಾದಿಲ್ಲ.

ಇಷ್ಟು ಬರೆದ ಮೇಲೆ ನನ್ನದನ್ನೂ ಹೇಳದಿದ್ದರೆ ಸರಿಯಾಗುವುದಿಲ್ಲ. ಫೇಸ್‌ಬುಕ್‌ನಲ್ಲಿ ನಮ್ಮ ಹಳೆಯದನ್ನೆಲ್ಲ ಒಟ್ಟಿಗೆ ತೆಗೆದು ನೋಡಿ, ಬೇಡವಾದ್ದನ್ನು ಮುಚ್ಚಿಡುವ ಅಥವಾ ಕಸಕ್ಕೆ ಹಾಕುವ ಸೌಲಭ್ಯ 2020ರಿಂದ ಇದೆ. ಗಂಜ್‌ನಿಂದ ಬಂದ ರಾತ್ರಿ ನಾನು ಅದನ್ನು ತೆರೆದು ಕೂತೆ. ಹೆಚ್ಚಿನವು ಗುಡ್ ಮಾರ್ನಿಂಗ್, ಯುಗಾದಿ ಶುಭಾಶಯ, ಪರೀಕ್ಷೆ ಬೇಜಾರು. 2013ರ ಒಂದು ಪೋಸ್ಟಿನ ಹತ್ತಿರ ಬೆರಳು ನಿಂತುಬಿಟ್ಟಿತು. ರೈಲು ಪ್ರಯಾಣದಲ್ಲಿ ಚಪ್ಪಾಳೆ ತಟ್ಟಿ ದುಡ್ಡು ಕೇಳಿದವರೊಬ್ಬರ ಬಗ್ಗೆ ಬರೆದಿದ್ದೆ. ಅವರ ದನಿ, ಸೀರೆ, ಗಡ್ಡದ ನೆರಳು ಎಲ್ಲವನ್ನೂ ತಮಾಷೆ ಮಾಡಿದ್ದೆ. ಅವರನ್ನು ಏನೆಂದು ಕರೆದಿದ್ದೆನೋ ಆ ಶಬ್ದವನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಊಟದ ಸಾಲಿನ ಆ ಫೋಟೊ ಬಂದು ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ.

ಮೊದಲು ಅಳಿಸಿದೆ. ಆಮೇಲೆ ಅನ್ನಿಸಿತು, ಇದು ಅವಮಾನದಿಂದ ಅಳಿಸಿದ್ದಾ, ಹೆದರಿಕೆಯಿಂದಾ? ಖರೇ ಹೇಳಬೇಕೆಂದರೆ ಹೆದರಿಕೆ. ನನ್ನ ಕ್ಲಾಸಿನ ಪ್ರಾಕ್ಟಿಕಲ್‌ಗೆ 30 ಅಂಕ ಇದೆ. ಅದು ನನ್ನ ಕಣ್ಣೆದುರೇ ನಡೆಯುತ್ತದೆ. 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಕೆಲಸದಲ್ಲಿ ಶೇಕಡ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು. ನಾಳೆ ಅಂಥ ವಿದ್ಯಾರ್ಥಿಯೊಬ್ಬರು ನನ್ನ ಲ್ಯಾಬಿಗೆ ಬಂದು, ನನ್ನ ಆ ಪೋಸ್ಟ್ ನೋಡಿದರೆ, ಇವರ ಮುಂದೆ ನಿಂತು ನನಗೆ ನ್ಯಾಯ ಸಿಗುತ್ತದಾ ಎಂದು ಯೋಚಿಸುವುದಿಲ್ಲವಾ? ಯೋಚಿಸಲೇಬೇಕು. 'ಹಳೆಯದು ಬಿಡಿ' ಎನ್ನುವ ಹಕ್ಕು ನನಗಿಲ್ಲ. ನಾನು ಹೇಳಬಹುದಾದದ್ದು ಇಷ್ಟೇ: ನನ್ನ ಲ್ಯಾಬಿನ ರಿಜಿಸ್ಟರ್ ನೋಡಿ, ನನ್ನ ಮಕ್ಕಳನ್ನು ಕೇಳಿ.

ಅದಕ್ಕೇ ನಾನು ಹೇಳುವುದು, ಪೋಸ್ಟ್ ಎಷ್ಟು ಹಳೆಯದು ಅನ್ನುವುದಕ್ಕಿಂತ ಬರೆದವನು ಈಗ ಯಾವ ಕುರ್ಚಿಯಲ್ಲಿ ಕೂತಿದ್ದಾನೆ, ಅಲ್ಲಿ ಕೂತು ಏನು ಮಾಡಿದ್ದಾನೆ ಎಂದು ನೋಡಿ. ಗೋದಾಮಿನಲ್ಲಿ ಚೀಲ ಎಣಿಸುವವನ ಹಳೆಯ ಮಾತಿಗೂ ಹಾಸ್ಟೆಲ್ ವಾರ್ಡನ್ನಿನ ಹಳೆಯ ಮಾತಿಗೂ ವ್ಯತ್ಯಾಸ ಇದೆ. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವವರು, ಸಾಲದ ಅರ್ಜಿ ನೋಡುವವರು, ಹೆರಿಗೆ ವಾರ್ಡಿನಲ್ಲಿರುವವರು, ಅಂಕ ಹಾಕುವ ನಮ್ಮಂಥವರು, ಇವರನ್ನು ಜಾಸ್ತಿ ಬಿಗಿಯಾಗಿ ಕೇಳಬೇಕು. ಹತ್ತು ವರ್ಷದ ಹಿಂದೆ ಬರೆದದ್ದನ್ನೇ ಹೋದ ವಾರವೂ ಬರೆದಿದ್ದರೆ ಅದು ಹಳೆಯ ಪೋಸ್ಟೇ ಅಲ್ಲ. ಅಂಥವರನ್ನು ತೆಗೆಯಿರಿ, ನಾನು ಸಹಿ ಹಾಕುತ್ತೇನೆ. ಈ ಸಲ ಟೈಪ್ ಕೂಡ ನಾನೇ ಮಾಡಿಕೊಂಡು ಬರುತ್ತೇನೆ.

ಕಾನೂನು ಕೂಡ ಕಾಲವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರನ್ನು ಮೂರು ತಿಂಗಳೊಳಗೆ ಕೊಡಬೇಕು ಎನ್ನುತ್ತದೆ 2013ರ ಕಾಯ್ದೆ, ಕಾರಣವಿದ್ದರೆ ಇನ್ನೂ ಮೂರು ತಿಂಗಳು. ಇಷ್ಟು ಕಡಿಮೆ ಕಾಲ ಕೊಟ್ಟದ್ದು ನನಗೆ ಒಪ್ಪಿಗೆಯಿಲ್ಲ, ಹೆಣ್ಣುಮಕ್ಕಳಿಗೆ ಬಾಯಿ ಬಿಡಲು ಎಷ್ಟು ದಿನ ಬೇಕು ಅಂತ ನನಗೆ ಗೊತ್ತು. ಇನ್ನೊಂದು ಕಡೆ, 2015ರ ಬಾಲನ್ಯಾಯ ಕಾಯ್ದೆ 18 ತುಂಬದವರ ತಪ್ಪು ಅವರ ಮುಂದಿನ ಬದುಕಿಗೆ ಅಡ್ಡ ಬರಬಾರದು ಎನ್ನುತ್ತದೆ. ಗಂಭೀರ ಪ್ರಕರಣ ಬಿಟ್ಟರೆ ದಾಖಲೆಯನ್ನೇ ನಾಶ ಮಾಡಬೇಕು ಎನ್ನುತ್ತದೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಲಸಕ್ಕೆ ಸೇರುವಾಗ ಹಳೆಯ ಕೇಸು ಮುಚ್ಚಿಟ್ಟವರ ಬಗ್ಗೆ ಹೇಳುತ್ತಾ, ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವಾದರೆ ಉದ್ಯೋಗ ಕೊಟ್ಟವರು ಮನ್ನಿಸಬಹುದು ಎಂದಿತು. ಹುದ್ದೆ ಯಾವುದು, ತಪ್ಪು ಎಂಥದ್ದು ಎಂದು ನೋಡಿ ತೀರ್ಮಾನಿಸಿ ಎಂದಿತು. ಕೇಸು ಆಗಿ ಶಿಕ್ಷೆ ಆದವನಿಗೇ ಇಷ್ಟು ತೂಗಿ ನೋಡಬೇಕು ಅಂದ ಮೇಲೆ, ಕೇಸೇ ಆಗದವನನ್ನು ಎರಡು ದಿನದಲ್ಲಿ ಹೇಗೆ ಮುಗಿಸಿದಿರಿ?

ಹೇಗೆ ಅಂತ ನಿಮಗೂ ಗೊತ್ತು. ಸರ್ಕಾರಿ ನೌಕರನಿಗೆ ಸಂವಿಧಾನದ 311ನೇ ವಿಧಿ ಇದೆ, ವಿಚಾರಣೆ ಇಲ್ಲದೆ ವಜಾ ಮಾಡುವುದು ಸುಲಭವಲ್ಲ. ಖಾಸಗಿ ಶಿಕ್ಷಣ ಸಂಸ್ಥೆಯ ನೌಕರನಿಗೂ ರಕ್ಷಣೆ ಇಲ್ಲದೇ ಇಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಸೆಕ್ಷನ್ ವಿಚಾರಣೆ ಮಾಡದೆ ತೆಗೆಯಬೇಡಿ ಎನ್ನುತ್ತದೆ. ತೆಗೆದರೆ 94ನೇ ಸೆಕ್ಷನ್ ಪ್ರಕಾರ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ರಾಜೀನಾಮೆ ಬರೆಸಿಕೊಂಡುಬಿಟ್ಟರೆ ಈ ಯಾವ ತಲೆನೋವೂ ಇಲ್ಲ ಅಲ್ವಾ? 'ನೀನಾಗಿಯೇ ಹೋದರೆ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಚೆನ್ನಾಗಿ ಕೊಡುತ್ತೇವೆ' ಎಂದರೆ ಯಾರು ಬರೆಯುವುದಿಲ್ಲ? ಅವನು ತಪ್ಪು ಮಾಡಿದ್ದಾನೆ, ನನಗೇ ಮಾಡಿದ್ದಾನೆ. ಆದರೂ ಹೇಳುತ್ತೇನೆ, ಈ ದಾರಿ ಒಮ್ಮೆ ಸವೆದು ರೂಢಿಯಾದರೆ ಮುಂದೆ ಅದರಲ್ಲಿ ನಡೆಯಬೇಕಾದವರು ನಾವೇ. ಜಾಸ್ತಿ ಸಂಬಳ ಕೇಳಿದ ಲೆಕ್ಚರರ್, ಮೆಸ್ಸಿನ ಊಟ ಸರಿಯಿಲ್ಲ ಎಂದ ವಾರ್ಡನ್, ಯಾರದಾದರೂ ಒಂದು ಹಳೆಯ ಪೋಸ್ಟ್ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಬೇಕಾದಾಗ ತೆಗೆಯಲು ಅದನ್ನು ಯಾರೋ ಕಪಾಟಿನಲ್ಲಿ ಇಟ್ಟುಕೊಂಡಿರುತ್ತಾರೆ.

ಈ ವಿಷಯ ಕ್ಲಾಸಿನಲ್ಲಿ ಒಮ್ಮೆ ಬಂತು. ನನ್ನ ಮಕ್ಕಳಿಗೆ 16-17 ವರ್ಷ. ರೀಲ್ಸ್ ಕೆಳಗೆ ಅವರು ಬರೆಯುವ ಕಾಮೆಂಟ್ ನೋಡಿದರೆ 2012ರ ನಾವು ದೇವರಂಥವರು. ಒಬ್ಬ ಹುಡುಗ ಎದ್ದು ಕೇಳಿದ: 'ಮೇಡಂ, ಹಂಗಾದ್ರ ಈಗ ಹಾಕಿದ್ದು ನಾವು ಕೆಲಸಕ್ಕ ಹೋದ ಮ್ಯಾಲ ಬರ್ತದಾ?' ಕ್ಲಾಸೆಲ್ಲ ನಕ್ಕಿತು. ಹಿಂದಿನ ಬೆಂಚಿನ ಇಬ್ಬರು ನಗಲಿಲ್ಲ, ಕೈ ಆಗಲೇ ಜೇಬಿನ ಮೊಬೈಲಿನ ಮೇಲಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರಲ್ಲ, ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಇದೇ ಹುಡುಗನ ಪ್ರಶ್ನೆ ಎತ್ತಿಕೊಂಡಿದ್ದಾರೆ. ಮಕ್ಕಳು ತಿಳಿಯದೆ ಮಾಡಿದ ತಪ್ಪು ಅವರನ್ನು ಬದುಕಿಡೀ ಕಾಡಬಾರದು, ಮನುಷ್ಯರು ಮರೆತರೂ ಇಂಟರ್ನೆಟ್ ಮರೆಯುವುದಿಲ್ಲ ಎಂಬ ಅರ್ಥದಲ್ಲಿ ಬರೆದಿದ್ದಾರೆ. ನನಗೆ ಒಪ್ಪಿಗೆ ಇದೆ. ಗಂಜ್‌ನಲ್ಲಿ ಚಹಾ ಕುಡಿದವಳಾಗಿ ಒಂದನ್ನು ಸೇರಿಸುತ್ತೇನೆ. ಮರೆತದ್ದು ಬರೆದವನು ಮಾತ್ರ.

ಈಗ ನಿಮ್ಮಿಂದ ನನಗೆ ಏನು ಬೇಕು ಅಂತ ಕೇಳಬಹುದು. ಹೆಸರಿಲ್ಲದ ಸ್ಕ್ರೀನ್‌ಶಾಟ್ ಬಂದರೆ ಮೊದಲು ಅದು ನಿಜವಾ ಅಂತ ನೋಡಿ. ಈಗ ಫೋನಿನಲ್ಲೇ ಎರಡು ನಿಮಿಷಕ್ಕೆ ಯಾರ ಹೆಸರಿನಲ್ಲಿ ಏನು ಬೇಕಾದರೂ ಮಾಡಬಹುದು. ನಿಜವಾದರೆ ಬರೆದವನನ್ನು ಕೂರಿಸಿ ಕೇಳಿ. ಯಾರ ಬಗ್ಗೆ ಬರೆದನೋ ಅವರನ್ನೂ ಕೇಳಿ, ಸಹಿಗೆ ಅಲ್ಲ, ಮಾತಿಗೆ. ಕೌಂಟರ್ ಬದಲಾಯಿಸಬಹುದು, ಬಡ್ತಿ ತಡೆಹಿಡಿಯಬಹುದು, ಒಂದು ವರ್ಷ ಕಣ್ಣಿಡಬಹುದು. ಕೆಲಸದಿಂದ ತೆಗೆಯುವುದೂ ಇದೆ, ಇಲ್ಲ ಅನ್ನುವುದಿಲ್ಲ, ಆದರೆ ತೆಗೆದರೆ ನೀವೇ ತೆಗೆಯಿರಿ, ಕಾರಣ ಬರೆದು, ನಿಮ್ಮ ಸಹಿ ಹಾಕಿ. ಅವನ ಕೈಯಿಂದ ಬರೆಸಬೇಡಿ.

ಇವೆಲ್ಲಕ್ಕಿಂತ ಮೊದಲು ಇನ್ನೊಂದಿದೆ. ನಿಮ್ಮ ಕಾಲೇಜಿನಲ್ಲಿ ಇವತ್ತು, ಈ ವಾರ, ಯಾವುದೋ ಹುಡುಗಿ ಯಾರ ಹತ್ತಿರವೋ ಹೋಗಿ 'ಸರ್, ನನ್ನ ಫೋಟೊ ಹಾಕಿ ಹಿಂಗ ಬರದಾರ' ಎಂದು ಹೇಳಿರುತ್ತಾಳೆ. ಅವರು ಏನು ಉತ್ತರ ಕೊಟ್ಟರು ಎಂದು ವಿಚಾರಿಸಿ. 2012ರಲ್ಲಿ ನಮ್ಮ ಲೆಕ್ಚರರ್ ಅವನನ್ನು ಕರೆಸಿ, ನಮ್ಮ ನಾಲ್ವರ ಮುಂದೆ ನಿಲ್ಲಿಸಿ, ಅದನ್ನು ತೆಗೆಸಿದ್ದರೆ ಹದಿನೈದು ನಿಮಿಷದ ಕೆಲಸ ಆಗುತ್ತಿತ್ತು. ಅವನಿಗೂ ನೆನಪಿರುತ್ತಿತ್ತು. 2024ರಲ್ಲಿ ಯಾರ ಹತ್ತಿರ ಸ್ಕ್ರೀನ್‌ಶಾಟ್ ಇದ್ದರೂ, 'ಅದಾ? ಅದು ಅವತ್ತೇ ಮುಗದದ' ಎಂದು ನಾನೇ ಹೇಳುತ್ತಿದ್ದೆ. ಆ ಲೆಕ್ಚರರ್ ಈಗ ನಿವೃತ್ತರು. ಲೈಕ್ ಒತ್ತಿದ್ದ ಇಬ್ಬರಲ್ಲಿ ಒಬ್ಬರು ಪ್ರಿನ್ಸಿಪಾಲ್ ಆಗಿದ್ದಾರೆ. ಅವರ ಕೆಲಸ ಹೋಗಬೇಕು ಎಂದು ನಾನು ಕೇಳುತ್ತಿಲ್ಲ. ಈ ಪತ್ರ ಅವರ ಕಣ್ಣಿಗೆ ಬಿದ್ದರೆ ಓದಲಿ.

ಆ ಎರಡನೇ ಹುಡುಗಿ ನಿಮ್ಮಲ್ಲಿ ಯಾರಾದರೂ ಕರೆದರೆ ಬಂದು ಮಾತಾಡುತ್ತೇನೆ ಎಂದಿದ್ದಾಳೆ, ಜೊತೆಗೆ ನಾನಿರಬೇಕಂತೆ. ನನಗೂ ಹೇಳುವುದಿದೆ. ಮಂಗಳವಾರ, ಗುರುವಾರ ನನಗೆ ಲ್ಯಾಬ್ ಇರುತ್ತದೆ. ಉಳಿದ ದಿನ ಸಂಜೆ ನಾಲ್ಕರ ಮೇಲೆ ಬಿಡುವಾಗಿರುತ್ತೇನೆ.

ಇಂತಿ,
ಒಬ್ಬ ಪಿಯು ಉಪನ್ಯಾಸಕಿ
ಕಲಬುರಗಿ